ಬೇಕಲದ ಕಲ್ಲೂ ಚಾವಡಿಯ ಬಣ್ಣವೂ

ಚಾವಡಿಯ ಗೋಡೆಗೆ ಬಣ್ಣವನ್ನು ಆರಿಸಲೆಂದು ಕಾಸರಗೋಡಿನ ಪೇಟೆಗೆ ಹೋದ ನಾವು, ಮೂರು ಮಾದರಿ ಚೀಟಿಗಳನ್ನು ಹಿಡಿದುಕೊಂಡು ಏನನ್ನೂ ನಿಶ್ಚಯಿಸದೆಯೇ ಹೊರಬಿದ್ದೆವು. ಒಂದು ಬೆಣ್ಣೆಯ ಬಣ್ಣ, ಒಂದು ದಂತದ್ದು, ಮತ್ತೊಂದು ಗೋಧಿಯದು. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡಿದ್ದವು. ಜೊತೆಗಿದ್ದ ನೆಂಟರಿಗೆ ಬೇಕಲದ ಕೋಟೆಯನ್ನು ತೋರಿಸುವುದಿತ್ತು. ಚೀಟಿಗಳೂ ಕೈಚೀಲದಲ್ಲಿ ಬಂದವು.

ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಆ ಕೋಟೆ ಸುಮಾರು 40 ಎಕರೆಗಳಷ್ಟು ಹರವಿಕೊಂಡು ಕಡಲಂಚಿನಲ್ಲಿ ನಿಂತಿದೆ. ಮೈಯೆಲ್ಲ ಮುರಕಲ್ಲು. ಕಡಿದೆತ್ತುವಾಗ ಮೆತ್ತಗಿದ್ದು, ಗಾಳಿಗೊಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ಕಬ್ಬಿಣದ ಅಂಶವೇ ಕೆಂಪನ್ನು ಕೊಡುತ್ತದೆ. ಬಾಲ್ಯದಿಂದ ಕಂಡ ಕಲ್ಲಾದರೂ ಅದರ ಪಕ್ಕದಲ್ಲಿ ಬಣ್ಣದ ಚೀಟಿ ಹಿಡಿದದ್ದು ಅದೇ ಮೊದಲು. (ನೆಂಟರು ನಕ್ಕರು.) ಕೂಡಲೇ ದಂತದ ಬಣ್ಣದಲ್ಲಿ ನಸುಹಸಿರು ತೋರಿತು, ಗೋಧಿಯೊಳಗೆ ಅಡಗಿದ್ದ ಗುಲಾಬಿ ಹೊರಬಂದಿತು. ಬೆಣ್ಣೆಯೊಂದೇ ಬೆಣ್ಣೆಯಾಗಿ ಉಳಿಯಿತು.

ನಮ್ಮ ಮನೆಯೂ ಮುರಕಲ್ಲಿನದೇ. ಚೀಟಿಗಳನ್ನು ಗೋಡೆಗೆ ಅಂಟಿಸಿ ಮೂರು ದಿನ ನೋಡಿದೆವು. ಮಧ್ಯಾಹ್ನ ಅಂಗಳದ ಕೆಮ್ಮಣ್ಣಿಗೆ ಬಿದ್ದ ಬಿಸಿಲು ಒಳಗೆ ಪ್ರತಿಫಲಿಸಿ ಎದುರಿನ ಗೋಡೆಯೆಲ್ಲ ಕೆಂಪೇರುತ್ತಿತ್ತು. ಅಡಿಕೆತೋಟದ ಕಡೆಯ ಗೋಡೆಯಲ್ಲಿ ಅದೇ ಚೀಟಿಗಳು ಹಸಿರಾಡುತ್ತಿದ್ದವು.

"ಸಂಜೆ ದೀಪ ಹಚ್ಚಿದ ಮೇಲೆ ನೋಡಿ, ಹಗಲು ಚಾವಡಿಯಲ್ಲಿ ಕೂರುವವರು ಯಾರಿದ್ದೀರಿ?" ಎಂದರು ಅಮ್ಮ.

ಅವರ ಚಿಂತೆ ಬೇರೆಯೇ ಇತ್ತು. ಹಿಂದಿನ ಬಾರಿ ಅವರ ಮಾತನ್ನು ಮೀರಿ ಹಚ್ಚಿಸಿದ ಪ್ಲಾಸ್ಟಿಕ್ ಪೈಂಟು ಮೊದಲ ಮಳೆಗಾಲದಲ್ಲಿಯೇ ಗುಳ್ಳೆಯೆದ್ದಿತ್ತು. ಗೋಡೆ ಹೀರಿದ ತೇವಕ್ಕೆ ಹೊರಬರಲು ದಾರಿಯಿರಲಿಲ್ಲ. ಸುಣ್ಣವಾದರೆ ಆ ತೇವವನ್ನು ಹೊರಬಿಡುತ್ತದೆ. ಹಣ ಹೋದುದಕ್ಕಿಂತಲೂ, ಆ ಚಕ್ಕಳಗಳನ್ನು ಅಮ್ಮ ಒಂದು ವರ್ಷ ಮಾತಾಡದೆ ಗುಡಿಸಿದ್ದು ನಮ್ಮನ್ನು ನಾಚಿಸಿತ್ತು.

ಹಳೆಯ ಬಣ್ಣವನ್ನು ಹೆರೆಸಿ, ಸುಣ್ಣಕ್ಕೆ ಹಳದಿ ಮಣ್ಣನ್ನು ಬೆರೆಸಿ, ಬೆಣ್ಣೆಯ ಚೀಟಿಗೆ ಹೊಂದಿಸತೊಡಗಿದೆವು. ಸುಣ್ಣದ ಖಾರಕ್ಕೆ ಮಣ್ಣಿನ ಬಣ್ಣ ತಾಳಿಕೊಳ್ಳುತ್ತದೆ, ಸರಿ. ಆದರೆ ಹಸಿಯಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ಬೆಳ್ಳಗಾಗುತ್ತಿತ್ತು. ಬಾಗಿಲ ಹಿಂದೆ ನಾಲ್ಕು ಸಲ ಬಳಿದು, ಕಾದು, ನೋಡಬೇಕಾಯಿತು.

ಕೆಲಸ ಮುಗಿದ ಸಂಜೆ ಅಮ್ಮ ದೀಪ ಹಚ್ಚಿ ಗೋಡೆಯ ಮೇಲೆ ಅಂಗೈಯಾಡಿಸಿದರು. "ಹಳದಿ ತುಸು ಹೆಚ್ಚಾಯಿತು. ಮುಂದಿನ ವಿಷುವಿಗೆ ಬಳಿಯುವಾಗ ಕಡಿಮೆ ಹಾಕಿ" ಎಂದರು.