ಹೊಳಪು ನೋಡದ ಅಪ್ಪ

ಮಡಿಕೇರಿಯಲ್ಲಿ ಅಪ್ಪ ಕೋವಿ ರಿಪೇರಿ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಆಗಸ್ಟ್ ಬಂತೆಂದರೆ ನಮಗೆ ಪುರುಸೊತ್ತೇ ಇರುತ್ತಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆಗಿಡಬೇಕಲ್ಲ, ಮಳೆಯಲ್ಲಿ ಹಿಡಿದ ತುಕ್ಕು ಆಗ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಅಪ್ಪ ಹೊಳಪು ನೋಡಿದವರಲ್ಲ. ಕೋವಿ ಮಡಚಿ, ಮುಚ್ಚಿ, ಅಲ್ಲಾಡಿಸಿ ಕಿವಿಗೊಡುತ್ತಿದ್ದರು. ಕೀಲಿನ ಉಕ್ಕು ಮೆತ್ತಗಿದ್ದರೆ ಬೇಗ ಸವೆದು, ಮುಚ್ಚಿದ ಮೇಲೂ ನಳಿಗೆಯ ಹಿಂದೆ ಬೆಳಕು ಕಾಣುತ್ತದೆ. ಬರ್ಮಿಂಗ್‌ಹ್ಯಾಮಿನ ಗ್ರೀನರ್, ವೆಬ್ಲಿ ಸ್ಕಾಟ್ ಜೋಡುನಳಿಗೆಗಳು ಬಂದರೆ ಅವರು ಮೊದಲು ಬೆರಳಾಡಿಸುತ್ತಿದ್ದದ್ದು ಮರ ಮತ್ತು ಲೋಹ ಸೇರುವ ಗೆರೆಯ ಮೇಲೆ. ಅಲ್ಲಿ ಕಾಗದವೂ ತೂರುತ್ತಿರಲಿಲ್ಲ. ಅವಸರದಲ್ಲಿ ಕಟ್ಟಿದ ಕೋವಿಯಲ್ಲಿ ಆ ಸಂದಿಗೆ ನೀರು ಇಳಿದು ಅಲ್ಲೇ ನಿಲ್ಲುತ್ತದೆ. ಹೊರಗೆ ಮಿರಿಮಿರಿ, ಮರ ಬಿಚ್ಚಿದರೆ ಉಕ್ಕಿನಲ್ಲಿ ಗುಳಿಗಳು.

ಹಾಗೆಂದು ಒರಟು ಕೇಪಿನ ಕೋವಿಯೆಲ್ಲ ಹಾಳಾಯಿತೆಂದಲ್ಲ. ಕರಿಮದ್ದಿನ ಮಸಿ ತೇವ ಎಳೆಯುತ್ತದೆ, ಕೇಪು ಸಿಡಿದಾಗ ಉಪ್ಪು ಉಳಿಯುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಈಡು ಹೊಡೆದ ದಿನವೇ ಕುದಿನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದ ಮನೆಗಳಲ್ಲಿ ಅಜ್ಜನ ಕೋವಿ ಗಟ್ಟಿಯಾಗಿಯೇ ಇತ್ತು.

1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಇಳಿಯುತ್ತ ಬಂತು, ಅಂಗಡಿಗೆ ಬರುವ ದೂರೂ ಬದಲಾಯಿತು. ಸವೆದ ಕೀಲು ಅಪರೂಪ. ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಮಲಗಿದ್ದ ಕೋವಿಗಳೇ ಹೆಚ್ಚು. ಚರ್ಮ ತೇವ ಹಿಡಿದಿಡುತ್ತದೆ. ಒಳ್ಳೆ ಕೋವಿಗೆ ಅದಕ್ಕಿಂತ ಕೆಟ್ಟ ಮನೆ ಇಲ್ಲ.

ಬಣ್ಣ ಕಟ್ಟುವ ಕೆಲಸವೂ ಬದಲಾಯಿತು. ಅಪ್ಪ ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಕುದಿನೀರಲ್ಲಿ ಅದ್ದುತ್ತಿದ್ದರು. ಕೆಂಪು ಕಪ್ಪಾಗುತ್ತಿತ್ತು. ಉಜ್ಜಿ, ಮತ್ತೆ ತುಕ್ಕು, ಮತ್ತೆ ಕುದಿ. ವಾರ ಹಿಡಿಯುತ್ತಿತ್ತು. ಕಾಯುವ ತಾಳ್ಮೆ ಗಿರಾಕಿಗಳಿಗೆ ಉಳಿಯಲಿಲ್ಲ. ಕಾಸ್ಟಿಕ್ ಸೋಡಾ, ನೈಟ್ರೇಟ್ ಬೆರೆಸಿ ಸುಮಾರು 140 ಡಿಗ್ರಿಗೆ ಕಾಯಿಸಿದ ತೊಟ್ಟಿಯಲ್ಲಿ ಒಂದೇ ದಿನಕ್ಕೆ ಕಡುಕಪ್ಪು ಬಣ್ಣ ಸಿಗುವಾಗ ಯಾರು ಕಾಯುತ್ತಾರೆ? ಒಂಟಿ ನಳಿಗೆಗೆ ಅದರಿಂದ ತೊಂದರೆಯಿಲ್ಲ. ಜೋಡುನಳಿಗೆಯ ನಡುವಿನ ಪಟ್ಟಿಯನ್ನು ಕೂಡಿಸಿರುವುದು ಸೀಸ-ತವರದ ಬೆಸುಗೆ. ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ಬಣ್ಣ ಫಳಫಳ ಅನ್ನುತ್ತಿರುತ್ತದೆ, ಪಟ್ಟಿ ಮಾತ್ರ ಎದ್ದು ಬರುತ್ತದೆ.

ಮನೆಯಲ್ಲಿ ಹಳೆಯ ಜೋಡುನಳಿಗೆ ಇದ್ದರೆ, ಬಣ್ಣಕ್ಕೆ ಕೊಡುವ ಮುನ್ನ ವಿಧಾನ ಯಾವುದೆಂದು ಕೇಳಿ. ಬಿಸಿ ತೊಟ್ಟಿ ಎಂದರೆ ಕೋವಿ ವಾಪಸ್ ತನ್ನಿ.