ಪ್ರಶ್ನಾರ್ಥಕ ಚಿಹ್ನೆಗಳ ಕಾಲ

2006ರ ಸುಮಾರಿಗೆ ಹೋಸ್ಟಿಂಗ್ ಕೊಡುವವರನ್ನು ನಾವು ಮೊದಲು ಕೇಳುತ್ತಿದ್ದುದು, ನಿಮ್ಮ ಸರ್ವರ್‌ನಲ್ಲಿ ಕನ್ನಡ ನಿಲ್ಲುತ್ತದೆಯೇ ಎಂದು. ಊರಿನ ತಾಳಮದ್ದಳೆ ಸಂಘದ ಸೈಟು ನನ್ನ ಪಾಲಿಗೆ ಬಂದಿತ್ತು. ಪ್ರಸಂಗಗಳ ಪಟ್ಟಿ, ಅರ್ಥಧಾರಿಗಳ ಪರಿಚಯ, ಕೂಟದ ದಿನಾಂಕ, ಇಷ್ಟೇ ಸರಕು.

ಆಗಿನ ಮೈಎಸ್‌ಕ್ಯೂಎಲ್ ಡೇಟಾಬೇಸ್ ತಾನಾಗಿ ಆರಿಸಿಕೊಳ್ಳುತ್ತಿದ್ದುದು ಲ್ಯಾಟಿನ್-1 ಅಕ್ಷರಗಣವನ್ನು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ‘ಭೀಷ್ಮ ವಿಜಯ’ ಎಂದು ಬರೆದು ಉಳಿಸಿದರೆ ‘????? ????’ ಎಂದು ತಿರುಗಿ ಬರುತ್ತಿತ್ತು. ಗುಣಿತಕ್ಕೊಂದು, ಒತ್ತಿಗೊಂದು ಪ್ರಶ್ನಾರ್ಥಕ ಚಿಹ್ನೆ. ಹಾಗೆ ಹೋದ ಅಕ್ಷರವನ್ನು ಮತ್ತೆ ಹೊರತೆಗೆಯಲು ಸಾಧ್ಯವೇ ಇಲ್ಲ. ಇನ್ನು ಕೆಲವು ಕಡೆ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಬೇರೆ ಸರ್ವರ್‌ಗೆ ಸಾಗಿಸಿದ ದಿನ ಪುಟದ ತುಂಬ ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳು. ಅದಕ್ಕೇ ಹಣ ಕಟ್ಟುವ ಮೊದಲು ಒಂದು ಸಾಲು ಕನ್ನಡ ಹಾಕಿ, ತೆಗೆದು, ಮತ್ತೆ ಹಾಕಿ ನೋಡುವುದು ನಮ್ಮಲ್ಲಿ ಕಡ್ಡಾಯವಾಗಿತ್ತು.

ಹಣ ಕಟ್ಟುವುದೂ ಸುಲಭವಿರಲಿಲ್ಲ. ವಿದೇಶಿ ಕಂಪನಿಗಳು ಡಾಲರ್ ಲೆಕ್ಕದಲ್ಲಿ ಕ್ರೆಡಿಟ್ ಕಾರ್ಡ್ ಕೇಳುತ್ತಿದ್ದವು. ಸಂಘಕ್ಕೆ ಇದ್ದದ್ದು ಉಳಿತಾಯ ಖಾತೆ, ಚೆಕ್ ಪುಸ್ತಕ. ಚೆಕ್ ತೆಗೆದುಕೊಳ್ಳುವ ರಿಸೆಲರ್ ಒಬ್ಬರು ಸಿಕ್ಕರು, ಡೊಮೈನನ್ನು ತಮ್ಮ ಹೆಸರಿನಲ್ಲೇ ಬರೆಸಿಕೊಂಡರು. ಕೆಲವು ವರ್ಷಗಳ ಮೇಲೆ ವ್ಯಾಪಾರ ಬಿಟ್ಟರು, ಫೋನ್ ಎತ್ತಲಿಲ್ಲ. ಅವಧಿ ಮುಗಿದ ಡೊಮೈನ್ ಬೇರೆ ಯಾರದೋ ಪಾಲಾಯಿತು. ಫೈಲುಗಳ ಪ್ರತಿ ನಮ್ಮ ಕೈಯಲ್ಲಿತ್ತು, ವಿಳಾಸ ಹೋಯಿತು. ಪುಕ್ಕಟೆ ಜಾಗವನ್ನು ನೆಚ್ಚಿದವರ ಪಾಡು ಇನ್ನೂ ಕಷ್ಟದ್ದು: 2009ರ ಅಕ್ಟೋಬರಿನಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ, ಪ್ರತಿ ಇಟ್ಟುಕೊಳ್ಳದವರ ಪುಟಗಳು ವಿಳಾಸದೊಂದಿಗೇ ಹೋದವು.

ಈಗ ಅಕ್ಷರದ ಚಿಂತೆ ಬಹುಮಟ್ಟಿಗೆ ಮುಗಿದಿದೆ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8 ತಾನಾಗಿಯೇ ಯೂನಿಕೋಡ್ ಹಿಡಿಯುತ್ತದೆ. ಅದೇ ವರ್ಷ ಜುಲೈನಿಂದ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ಸೈಟುಗಳನ್ನೆಲ್ಲ ಅಸುರಕ್ಷಿತ ಎಂದು ತೋರಿಸತೊಡಗಿತು. ಅಷ್ಟರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿತ್ತು. ಇದನ್ನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ, ಚಿಕ್ಕ ಸಂಘಗಳಿಗೆ ವರ್ಷವರ್ಷದ ಖರ್ಚು ಉಳಿಯಿತು.

ನಮ್ಮಂಥ ಸೈಟಿಗೆ ಡೇಟಾಬೇಸೇ ಬೇಡ ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ. ಬರಿಯ ಎಚ್‌ಟಿಎಂಎಲ್ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಂಥ ಕಡೆ ಉಚಿತವಾಗಿ ಇಡಬಹುದು, ಡೊಮೈನ್ ಶುಲ್ಕ ಕಟ್ಟಿದರಾಯಿತು. ದುಡ್ಡು ಕೊಟ್ಟೇ ಜಾಗ ಕೊಳ್ಳುವುದಾದರೆ ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ನವೀಕರಣದ ದರ ನೋಡಬೇಕು. ‘ಅನ್‌ಲಿಮಿಟೆಡ್’ ಎಂದಲ್ಲಿ ಷರತ್ತುಗಳನ್ನು ಓದಬೇಕು, ಎಷ್ಟೋ ಕಡೆ ಫೈಲುಗಳ ಸಂಖ್ಯೆಗೆ ಮಿತಿಯಿರುತ್ತದೆ. ಪೂರ್ತಿ ಬ್ಯಾಕಪ್ಪನ್ನು ಯಾರನ್ನೂ ಕೇಳದೆ ಇಳಿಸಿಕೊಳ್ಳಲು ಬರದಿದ್ದರೆ ಆ ಜಾಗ ಬೇಡವೇ ಬೇಡ.

ಸಂಘದ ಹೊಸ ಡೊಮೈನ್ ಸಂಘದ ಇಮೇಲಿಗೇ ನೋಂದಣಿಯಾಗಿದೆ. ಕಾರ್ಯದರ್ಶಿ ಬದಲಾದಾಗ ನಡಾವಳಿ ಪುಸ್ತಕ, ಪಾಸ್‌ಬುಕ್ಕುಗಳ ಜೊತೆಗೆ ಅದರ ಪಾಸ್‌ವರ್ಡೂ ಹಸ್ತಾಂತರವಾಗುತ್ತದೆ.