ಗಾಳಿ ತಿರುಗಿದ ದಿನ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರ ಸಿಲಿಂಡರ್ ತುಂಬುವುದು ನನ್ನ ಕೆಲಸ. "ಅಪ್ಪಾ, ಅದರಲ್ಲಿ ಇರೋದು ಆಕ್ಸಿಜನ್ನಾ?" ಎಂದು ಮಗಳು ಕೇಳಿದ್ದಳು. ಅಲ್ಲ, ನಾವು ದಿನಾ ಉಸಿರಾಡುವ ಗಾಳಿಯೇ. ಕಂಪ್ರೆಸರ್ ಅದನ್ನು ಸುಮಾರು 200 ಪಟ್ಟು ಒತ್ತಿ ತುಂಬುತ್ತದೆ.

ನಮ್ಮದು ಪೆಟ್ರೋಲ್ ಎಂಜಿನ್ನಿನ ಹಳೆಯ ಯಂತ್ರ. ಕಾಲು ಗಂಟೆಗೊಮ್ಮೆ ವಾಲ್ವ್ ತೆರೆದು, ಸೇರಿದ ನೀರು, ಎಣ್ಣೆ ಹೊರಬಿಡಬೇಕು. ಓಡಿದ ಗಂಟೆಗಳನ್ನು ಬರೆದಿಟ್ಟು, ಲೆಕ್ಕ ತಪ್ಪದೆ ಫಿಲ್ಟರ್ ಬದಲಿಸಬೇಕು. ಎಂಜಿನ್ ಹೊಗೆ ತಾಗದಂತೆ, ಗಾಳಿ ಬೀಸಿ ಬರುವ ಕಡೆಗೆ ಪೈಪಿನ ಬಾಯಿ ಇಡಬೇಕು.

ಒಂದು ಬೆಳಿಗ್ಗೆ ಚಹಾ ಕುಡಿದು ಬರುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತ್ತು. ಹೊಗೆ ನೇರ ಪೈಪಿನತ್ತ! ಆಗಲೇ ಎರಡು ಸಿಲಿಂಡರ್ ತುಂಬಿದ್ದವು. ಮೂಸಿದೆ, ಯಾವ ವಾಸನೆಯೂ ಇಲ್ಲ. ಫಿಲ್ಟರಿನ ಇದ್ದಿಲು ಎಣ್ಣೆಯ ವಾಸನೆ ಹೀರುತ್ತದೆ. ಆದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಸಿಕ್ಕುವುದಿಲ್ಲ, ನಮ್ಮ ಮೂಗಿಗೂ ಸಿಕ್ಕುವುದಿಲ್ಲ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು; ವಿಷದ ಏಟೂ ಅಷ್ಟೇ ಜೋರು. ನೀರಿನಡಿ ತಲೆ ಸುತ್ತಿದರೆ?

ದೋಣಿ ಹೊರಟು ನಿಂತಿತ್ತು. ಮಾಲೀಕರು ಗಡಿಯಾರ ನೋಡುತ್ತಿದ್ದರು. "ತಪ್ಪು ನನ್ನದು ಸರ್" ಎಂದು ಎರಡನ್ನೂ ಖಾಲಿ ಮಾಡಿದೆ. ಪೈಪ್ ತಿರುಗಿಸಿ ಮತ್ತೆ ತುಂಬಿದೆ. ಒಂದು ಗಂಟೆ ತಡವಾಯಿತು, ಬೈಗುಳವೂ ಸಿಕ್ಕಿತು. ಆದರೆ ಹೋದವರೆಲ್ಲ ನಗುತ್ತಾ ಮರಳಿದರು.

ಅಂದೇ ಪೈಪಿನ ಬಾಯಿಯ ಪಕ್ಕ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಈಗ ಚಹಾ ಅಲ್ಲಿಗೇ ಬರುತ್ತದೆ. ರಜೆಯಲ್ಲಿ ಮಗಳು ಜೊತೆಗೆ ಬಂದರೆ ಬಟ್ಟೆ ಕಾಯುವ ಕೆಲಸ ಅವಳದು. "ಗಾಳಿ ತಿರುಗಿತು ಅಪ್ಪಾ!" ಎಂದು ಅವಳು ಕೂಗಿದರೆ ಸಾಕು, ಮೊದಲು ಯಂತ್ರ ನಿಲ್ಲಿಸುತ್ತೇನೆ.